ನಾಳಿದ್ದು ಸಂಜೆ

ಮಂಗಳವಾರ ಹತ್ತೂವರೆಗೆ ರುಚಿ ನೋಡುವವರು ಬರುತ್ತಾರೆ.
ಅಷ್ಟರೊಳಗೆ ನಾನು ಬಾದಾಮಿ ಹಣ್ಣಿನ ಸಿಪ್ಪೆ ತೆಗೆದು
ಎರಡು ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿ
ಬಿಳಿ ತಟ್ಟೆಗಳಲ್ಲಿ ಜೋಡಿಸಿರಬೇಕು;
ನಡುನಡುವೆ ನಾಲಿಗೆ ಒರೆಸಿಕೊಳ್ಳಲು ಒಂದೊಂದು ಹಿಡಿ ಕಡಲೆಪುರಿ.
ಹಣ್ಣಿಗೆ ಹೆಸರಿಲ್ಲ, ಅಂಕಿ ಮಾತ್ರ: ೪೧೭, ೮೬೨, ೦೯೩.
ಯಾವುದಕ್ಕೆ ಕಿರಣ ತಾಗಿದೆ, ಎಷ್ಟು ತಾಗಿದೆ
ಎನ್ನುವುದು ಡಾಕ್ಟರ್ ಮೃಣಾಲಿನಿಯವರ ಬೀರುವಿನಲ್ಲಿದೆ.
ಬೀಗದ ಕೈ ಅವರ ಬ್ಯಾಗಿನಲ್ಲಿ.

ಹೊರಗೆ ಬಳ್ಳಾರಿ ರಸ್ತೆ, ವಿಮಾನ ಹಿಡಿಯುವವರನ್ನು
ಹಾರನ್ನಿನ ಸಮೇತ ಉತ್ತರಕ್ಕೆ ತಳ್ಳುತ್ತದೆ.
ಹಣ್ಣಿಗೂ ಅದೇ ದಾರಿ,
ರಟ್ಟಿನ ಪೆಟ್ಟಿಗೆಯಲ್ಲಿ ಉಸಿರು ಬಿಗಿಹಿಡಿದು.

ಮೊದಲ ದಿನ ನೋಡಿದರೆ ಏನೂ ಗೊತ್ತಾಗುವುದಿಲ್ಲ.
ಬಿಸಿಯಿಲ್ಲ, ಗಾಯವಿಲ್ಲ, ವಾಸನೆಯಿಲ್ಲ.
ಐದನೇ ದಿನಕ್ಕೆ, ಸಾವಿರ ಗ್ರೇ ತಿಂದದ್ದರ ಮೈಮೇಲೆ
ಕಂದು ಚುಕ್ಕಿ, ಸಾಸಿವೆ ಸಿಡಿದ ಹಾಗೆ.
ತೊಟ್ಟಿನ ಹತ್ತಿರ ಹಸಿರು ಹಠ ಹಿಡಿದು ನಿಂತಿರುವಾಗಲೇ
ಒಳಗೆ ತಿರುಳು ಸೋತು ಕೂತಿರುತ್ತದೆ.
ನಾನೂರರದ್ದು ಸಭ್ಯ ಹಣ್ಣು.
ಎರಡು ದಿನ ತಡವಾಗಿ ಹಳದಿಯಾಗುತ್ತದೆ,
ತಡವಾಯಿತೆಂದು ಯಾರನ್ನೂ ದೂರುವುದಿಲ್ಲ.

ಅಖ್ತರ್ ಪಾಷಾ ಸಾಹೇಬರು ಎಲ್ಲರಿಗಿಂತ ಕೊನೆಗೆ ಬರುತ್ತಾರೆ.
ರಸೆಲ್ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ ಅಂಗಡಿ.
ಉಳಿದ ಏಳು ಜನ ಕಣ್ಣು ಮುಚ್ಚಿ ಜಗಿದು
ಒಂಬತ್ತಕ್ಕೆ ಏಳು, ಒಂಬತ್ತಕ್ಕೆ ಆರೂವರೆ ಅಂತ ಬರೆಯುವಾಗ
ಇವರು ತುಂಡು ಮುಟ್ಟುವುದಿಲ್ಲ, ಇಡೀ ಹಣ್ಣು ಕೇಳುತ್ತಾರೆ.
ಹೆಬ್ಬೆರಳಿಟ್ಟು, ಒತ್ತಿಯೂ ಒತ್ತದ ಹಾಗೆ,
"ನಾಲ್ಕು ಒಂದು ಏಳು. ಇದು ನಾಳಿದ್ದು ಸಂಜೆ," ಅನ್ನುತ್ತಾರೆ.
ಮೂರು ಲಕ್ಷದ ಯಂತ್ರವೂ ಹೆಚ್ಚುಕಡಿಮೆ ಅದನ್ನೇ ಹೇಳುತ್ತದೆ,
ಹಣ್ಣಿಗೆ ತೂತು ಕೊರೆದು, ನ್ಯೂಟನ್ನಿನಲ್ಲಿ.

ಪಟ್ಟಿಯಿಂದ ಅವರ ಹೆಸರು ಹೊಡೆದುಹಾಕಬೇಕಿತ್ತು.
ಎರಡು ವರ್ಷದ ಹಿಂದೆ ಗಂಟಲಿಗೆ ಕರೆಂಟು ಕೊಟ್ಟರು
ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ. ಗಂಟು ಹೋಯಿತು.
ಉಪ್ಪು, ಹುಳಿ, ಸಿಹಿ ಅದರ ಹಿಂದೆಯೇ ಹೋದವು.
"ಮುದ್ದೆ ತಿಂದರೂ ರಟ್ಟು, ಬಿರಿಯಾನಿ ತಿಂದರೂ ರಟ್ಟು.
ನಿಮ್ಮ ಹಣ್ಣಿಗೆ ಎಷ್ಟು ಕೊಡ್ತೀರಮ್ಮಾ?"
ನಾನೂರು, ಅಂದೆ.
"ನನಗೆ ಅರವತ್ತಾರು. ಮೂವತ್ತಮೂರು ಕಂತು. ಬಡ್ಡಿ ಬೇರೆ."
ನಗಲು ಹೋಗಿ ಕೆಮ್ಮಿದರು. ಬಾಯಿ ಒಣಗಿತ್ತು. ನೀರು ಕೊಟ್ಟೆ.
ಫಾರಮಿನಲ್ಲಿ ರುಚಿ ಎಂಬಲ್ಲಿ ಒಂದು ಅಡ್ಡಗೆರೆ.
ಪರಿಮಳ ಎಂಬಲ್ಲಿ: ನೀವೇ ನೋಡಿ.

ಅವರು ಹೋದ ಮೇಲೆ ಓಟೆಗಳನ್ನು ಸೀಳಿದೆ, ಲೆಕ್ಕಕ್ಕೆ ಬೇಕು.
೮೬೨ರ ಒಳಗೆ ಒಂದು ಹುಳು.
ಮಿಡಿಯಾಗಿದ್ದಾಗ ಹೊಕ್ಕದ್ದು;
ಹಿಂದಿನಿಂದ ಹಣ್ಣೇ ಬಾಗಿಲು ಮುಚ್ಚಿಕೊಂಡಿತ್ತು.
ಸತ್ತಿರಲಿಲ್ಲ.
ಸಾಯಲೇಬೇಕೆಂದು ಕೊಟ್ಟ ಕಿರಣವಲ್ಲ, ಡಾಕ್ಟರು ಹೇಳಿದ್ದಾರೆ:
ಬೇಕಾದರೆ ಬದುಕಿಕೊಳ್ಳಲಿ, ಸಂತಾನ ಆಗದಿದ್ದರೆ ಸಾಕು,
ಆ ಕಡೆಯ ದೇಶದವರ ತಕರಾರು ಅಷ್ಟೇ.
ಬಿಳಿ ಟೈಲಿನ ಮೇಲೆ ಅದು ನಡೆಯಿತು.
ಅಂಚಿನ ತನಕ ಹೋಗಿ, ಯೋಚಿಸಿದ ಹಾಗೆ ನಿಂತು, ತಿರುಗಿತು.
ಪಾಷಾ ಸಾಹೇಬರು ಕುಡಿದಿಟ್ಟ ಲೋಟ ಕೈಗೆ ಸಿಕ್ಕಿತು,
ಅದರ ಮೇಲೆ ಬೋರಲು ಹಾಕಿದೆ.
ಜೀವಂತ ಎಂಬಲ್ಲಿ ಗುರುತು ಹಾಕಿದೆ.

ಗುರುವಾರ ಎಲ್ಲರೂ ಮನೆಗೆ ಹೋಗಿದ್ದರು.
ಮಹಡಿಯ ಮೆಟ್ಟಿಲಿಗೇ ಬಂದಿತ್ತು ವಾಸನೆ,
ಕಸ ಗುಡಿಸುವ ಚೌಡಮ್ಮ ಪೊರಕೆ ಹಿಡಿದು ನಿಂತಿದ್ದಳು, ಸುಮ್ಮನೆ.
ಫೋನು ಮಾಡಿದೆ.
"ಬಂತಾ?"
ಬಂತು ಸಾಹೇಬರೇ.
"ಎಷ್ಟು ಹೊತ್ತಿಗೆ?"
ಆರೂವರೆಗೆ.
ಆ ಕಡೆ ಬಸ್ಸು, ಯಾರೋ ಚೌಕಾಸಿ, ಮತ್ತೆ ಅವರ ದನಿ:
"ನಾನು ಆರು ಅಂದ್ಕೊಂಡಿದ್ದೆ. ಎಲ್ಲೋ ಅರ್ಧ ಗಂಟೆ ತಪ್ಪಿದೀನಿ."